ಗಾಳಿ ಹೋಯ್ತಾ, ಅಜ್ಜಾ?

"ಗಾಳಿ ಹೋಯ್ತಾ, ಅಜ್ಜಾ?"

ವಾರ್ಡಿಗೆ ಬಂದ ಡಾಕ್ಟರಮ್ಮ ಹೀಗೆ ಕೇಳಿದ್ದೇ ತಡ, ಮಂಚದ ಪಕ್ಕ ನಿಂತಿದ್ದ ಮೊಮ್ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಕ್ಕಳು. ಮನೆಯಲ್ಲಿ ಹೂಸು ಬಿಟ್ಟರೆ ಬೈಗುಳ, ಇಲ್ಲಿ ಡಾಕ್ಟರೇ ವಿಚಾರಿಸುತ್ತಾರೆ! ನನಗೆ ಮಾತ್ರ ನಗು ಬರಲಿಲ್ಲ. ಎರಡು ದಿನದಿಂದ ಹೋಗಿರಲಿಲ್ಲ.

22 ವರ್ಷದ ಹಿಂದೆ ನನ್ನ ಜಠರದ ಹುಣ್ಣು ಒಡೆದು ಆಪರೇಷನ್ ಆಗಿತ್ತು. ಹೊಟ್ಟೆಯ ಮೇಲೆ ಗೇಣುದ್ದದ ಗೆರೆ ಉಳಿದಿದೆ. (ಮಕ್ಕಳು ಅದನ್ನು 'ಅಜ್ಜನ ರೈಲು ಹಳಿ' ಎನ್ನುತ್ತಾರೆ.) ಅದು ಮುಗಿದ ಕಥೆ ಎಂದುಕೊಂಡಿದ್ದೆ. ಹೋದ ಆಷಾಢದ ಒಂದು ಸಂಜೆ ಹೊಟ್ಟೆ ಹಿಂಡತೊಡಗಿತು. ನೋವು ಬರುವುದು, ಬಿಡುವುದು, ಮತ್ತೆ ಬರುವುದು. ಗ್ಯಾಸ್ ಇರಬೇಕೆಂದು ಓಮದ ಕಷಾಯ ಕುಡಿದೆ, ಸೋಡಾ ಕುಡಿದೆ. ಹರಳೆಣ್ಣೆಗೂ ಹುಡುಕಿದೆ, ಬಾಟಲಿ ಸಿಗಲಿಲ್ಲ, ಪುಣ್ಯ! ರಾತ್ರಿಯೆಲ್ಲ ಹಸಿರು ವಾಂತಿ. ಯಾರನ್ನೂ ಎಬ್ಬಿಸಲಿಲ್ಲ, ಅದು ನನ್ನ ಹಳೇ ಹಟ. ಬೆಳಿಗ್ಗೆ ಮೊಮ್ಮಗಳೇ ಕೂಗಿದಳು: "ಅಪ್ಪಾ, ಅಜ್ಜನ ಹೊಟ್ಟೆ ತಮಟೆ ಥರ ಆಗಿದೆ!"

ಎಕ್ಸ್‌ರೇ ನೋಡಿದ ಡಾಕ್ಟರಮ್ಮ ಅವಳಿಗೇ ವಿವರಿಸಿದರು. ನಮ್ಮ ಸಣ್ಣ ಕರುಳು ಸುಮಾರು 20 ಅಡಿ ಉದ್ದ. ಹೊಟ್ಟೆಯೊಳಗೆ ಸಲೀಸಾಗಿ ಜಾರಾಡುತ್ತಿರುತ್ತದೆ. ಆಪರೇಷನ್ ಆದ ಮೇಲೆ ಒಳಗಿನ ಗಾಯ ಮಾಯುವಾಗ ನಾರಿನಂಥ ಎಳೆಗಳು ಬೆಳೆದು ಕರುಳನ್ನು ಅಲ್ಲಲ್ಲಿ ಅಂಟಿಸಿಬಿಡಬಹುದು. ಹೆಚ್ಚಿನವರಿಗೆ ಅದರಿಂದ ಏನೂ ಆಗುವುದಿಲ್ಲ. ಕೆಲವರಿಗೆ ಎಷ್ಟೋ ವರ್ಷದ ಮೇಲೆ ಕರುಳು ಆ ಎಳೆಗೆ ಸಿಕ್ಕಿಕೊಂಡು, ಗಿಡಕ್ಕೆ ನೀರು ಬಿಡುವ ಪೈಪಿನಂತೆ ಮಡಚಿಕೊಳ್ಳುತ್ತದೆ. ಆಗ ಅನ್ನವೂ ಮುಂದೆ ಹೋಗದು, ಗಾಳಿಯೂ ಹೋಗದು. ಅಂಥ ಹೊತ್ತಿನಲ್ಲಿ ಹರಳೆಣ್ಣೆ ಕುಡಿದರೆ, ಮಡಚಿದ ಪೈಪಿಗೆ ನಲ್ಲಿ ಇನ್ನಷ್ಟು ತಿರುಗಿಸಿದಂತೆ. ಹಳೇ ಹೊಲಿಗೆ ಇರುವವರಿಗೆ ಹೊಟ್ಟೆನೋವು, ವಾಂತಿ, ಉಬ್ಬರ ಒಟ್ಟಿಗೆ ಬಂದು ಗಾಳಿಯೂ ನಿಂತರೆ, ಏನನ್ನೂ ತಿನ್ನದೆ ಕುಡಿಯದೆ ನೇರ ಆಸ್ಪತ್ರೆಗೆ ಹೋಗಬೇಕಂತೆ. ಸಿಕ್ಕಿದ ಕರುಳಿಗೆ ರಕ್ತ ನಿಂತರೆ ಕೆಲವೇ ಗಂಟೆಗಳಲ್ಲಿ ಅದು ಸಾಯುತ್ತದೆ. ಆಗ ಕೂಡಲೇ ಆಪರೇಷನ್ ಆಗಲೇಬೇಕು.

ನನ್ನದು ಅಲ್ಲಿಗೆ ಮುಟ್ಟಿರಲಿಲ್ಲ. ಮೂಗಿನಿಂದ ಜಠರಕ್ಕೆ ನಳಿಗೆ ಇಳಿಸಿ ಒಳಗಿನದನ್ನು ಹೊರಗೆ ಹರಿಸಿದರು. ಕೈಗೆ ಡ್ರಿಪ್, ಬಾಯಿಗೆ ಹನಿ ನೀರೂ ಇಲ್ಲ. ಒತ್ತಡ ಇಳಿದರೆ ಎಷ್ಟೋ ಸಲ ಮಡಿಕೆ ತಾನಾಗಿ ಬಿಡುತ್ತದೆ, ಕಾಯೋಣ ಎಂದರು. ಪಕ್ಕದ ಮಂಚದವರ ಇಡ್ಲಿ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂದಿದ್ದು ಸುಳ್ಳಲ್ಲ.

ಮೂರನೇ ದಿನ ಸಂಜೆ, ಮೊಮ್ಮಗಳು ಮಗ್ಗಿ ಒಪ್ಪಿಸುತ್ತಿದ್ದಾಗ, ಸದ್ದಾಯಿತು. ಅವಳು ಮಗ್ಗಿ ಬಿಟ್ಟು ಬಾಗಿಲಿಗೆ ಓಡಿದಳು: "ಸಿಸ್ಟರ್! ನಮ್ಮಜ್ಜಂಗೆ ಗಾಳಿ ಹೋಯ್ತು!" ಇಡೀ ವಾರ್ಡು ನಕ್ಕಿತು. ನಾನೂ ನಕ್ಕೆ.

ಈಗಲೂ ಸ್ಕೂಲಿಂದ ಬಂದವಳೇ ಚೀಲ ಇಳಿಸುವ ಮೊದಲು ಅದೇ ಪ್ರಶ್ನೆ ಕೇಳುತ್ತಾಳೆ, ಮನೆಗೆ ನೆಂಟರು ಬಂದಿದ್ದರೂ.