ಗಾಂಜಾ: ಮೈಗೂ ಬಾಳಿಗೂ ಕೇಡು



ಮದಕರಿ ಎಂದರೆ ಮದವೇರಿದ ಆನೆ. ಆನೆಯ ಮದಕ್ಕೆ ಅಂಕುಶವುಂಟು. ಗಾಂಜಾದ ಮದಕ್ಕೆ ಅಂಕುಶ ಯಾವುದು? 2020ರಲ್ಲಿ ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಎಕರೆಗಟ್ಟಲೆ ಬೆಳೆದಿದ್ದ ಗಾಂಜಾವನ್ನು ಪೊಲೀಸರು ಹಿಡಿದರು. ಕೇಡು ಹೊಸ್ತಿಲಿಗೆ ಬಂದಿದೆ.

“ಬುದ್ಧೀ, ಶಿವನೇ ಸೇದುತ್ತಾನಂತೆ, ಇದು ಬರಿಯ ಸೊಪ್ಪಲ್ಲವೇ?” ಎಂದು ಕೆಲವರು ಕೇಳುತ್ತಾರೆ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಇದನ್ನು ಪ್ರಸಾದವೆಂದು ಸ್ವೀಕರಿಸುವರೆಂದು ಪತ್ರಿಕೆಗಳು ಬರೆದಿದ್ದವು. ಶಿವನು ಹಾಲಾಹಲವನ್ನೂ ಕುಡಿದನು. ಅವನ ಹೆಸರು ಹೇಳಿ ನಾವು ವಿಷ ಕುಡಿಯುತ್ತೇವೆಯೇ?

ಶಾರ್ಙ್ಗಧರ ಸಂಹಿತೆಯು ಭಂಗಿಯನ್ನು ‘ವ್ಯವಾಯಿ’ ದ್ರವ್ಯವೆನ್ನುತ್ತದೆ. ಅಂದರೆ ಜೀರ್ಣವಾಗುವ ಮೊದಲೇ ದೇಹವನ್ನೆಲ್ಲ ವ್ಯಾಪಿಸುವಂಥದು. ಅದರ ಮಾದಕಾಂಶ ಕೊಬ್ಬಿನಲ್ಲಿ ಸೇರಿ ನಿಲ್ಲುತ್ತದೆಂದು ಇಂದಿನ ವೈದ್ಯರೂ ಹೇಳುತ್ತಾರೆ. ನಿತ್ಯ ಸೇದುವವನು ಬಿಟ್ಟು ವಾರಗಳಾದರೂ ಮೂತ್ರದಲ್ಲಿ ಅದರ ಗುರುತು ಸಿಗುತ್ತದೆ.

ಮಿದುಳು ಬಲಿಯುವುದಕ್ಕೆ ಸುಮಾರು 25 ವರ್ಷ ಬೇಕು. ಎಳೆಯ ಪೈರಿಗೆ ಉಪ್ಪುನೀರು ಹಾಯಿಸಿದರೆ ಏನಾದೀತು? ಸ್ವೀಡನ್ ದೇಶದಲ್ಲಿ 1969-70ರಲ್ಲಿ ಸೈನ್ಯದ ತಪಾಸಣೆಗೆ ಬಂದ 45 ಸಾವಿರಕ್ಕೂ ಮಿಕ್ಕ ಯುವಕರನ್ನು 15 ವರ್ಷ ಗಮನಿಸಿದರು. 1987ರಲ್ಲಿ ಹೊರಬಿದ್ದ ಫಲಿತವೇನು? 50ಕ್ಕಿಂತ ಹೆಚ್ಚು ಸಲ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಆರು ಪಟ್ಟು ಕಂಡಿತು. ಸೇದಿದವರಿಗೆಲ್ಲ ಹುಚ್ಚು ಹಿಡಿಯುವುದೆಂದು ಇದರ ಅರ್ಥವಲ್ಲ; ಇದೊಂದೇ ಕಾರಣವೆಂದೂ ಅಲ್ಲ. ಆದರೆ ಯಾರ ಮನೆಯ ಮಗನಿಗೆ ಹಿಡಿಯುವುದೆಂದು ಮೊದಲೇ ಬಲ್ಲವರು ಯಾರು?

ರೋಗ ಬಾರದಿದ್ದರೂ ನಷ್ಟ ತಪ್ಪದು. ನೆನಪು ಮಂಕಾಗುತ್ತದೆ, ಓದು ನಿಲ್ಲುತ್ತದೆ, ಕಾಯಕದಲ್ಲಿ ಮನಸ್ಸು ನಿಲ್ಲದು, ಎದೆಯಲ್ಲಿ ಕೆಮ್ಮು ಕಫ ಮನೆಮಾಡುತ್ತವೆ. ಕಾಯಕ ತಪ್ಪಿದವನಿಗೆ ದಾಸೋಹವೆಲ್ಲಿ? 1985ರ ಮಾದಕವಸ್ತು ಕಾಯಿದೆಯಂತೆ ಗಾಂಜಾ ಗಿಡ ಬೆಳೆದವನಿಗೆ 10 ವರ್ಷದವರೆಗೆ ಸೆರೆಮನೆ. ಹೊಲದ ಆಸೆಗೆ ಮನೆಯೇ ಹಾಳು.

ತಾಯಂದಿರೇ, ಮಗ ಈ ಚಟಕ್ಕೆ ಬಿದ್ದಿದ್ದರೆ ಹೊಡೆದು ಹೊರಗೆ ಹಾಕಬೇಡಿರಿ. ಗಾಳಿ ಸೋಂಕಿದೆಯೆಂದು ಮಂತ್ರವಾದಿಯ ಬಳಿಗೆ ಒಯ್ಯಬೇಡಿರಿ. ಬಿಟ್ಟ ಮೊದಲ ಎರಡು ಮೂರು ವಾರ ನಿದ್ರೆ ಬಾರದು, ಸಿಟ್ಟು ಹೆಚ್ಚು. ಅದು ಇಳಿಯುವ ತನಕ ಜೊತೆಗಿರಿ. ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಚಿಕಿತ್ಸೆಯುಂಟು. 14416ಕ್ಕೆ ಫೋನು ಮಾಡಿದರೆ ಹಣವಿಲ್ಲದೆ ಸಲಹೆ ದೊರೆಯುತ್ತದೆ.

ಚಟವನ್ನು ದೂರವಿಡಿರಿ, ಚಟಕ್ಕೆ ಬಿದ್ದವನನ್ನು ದೂರವಿಡಬೇಡಿರಿ. ಆನೆಗೆ ಅಂಕುಶದಂತೆ ಅವನಿಗೆ ನಿಮ್ಮ ಕರುಣೆಯೂ ಎಚ್ಚರವೂ.