ರ‍್ಯಾಲಿ ಕಾರಿನ ಬೋಲ್ಟ್ ಸಡಿಲವಾಗದಂತೆ ಏನು ಮಾಡುತ್ತಾರೆ?

ಪ್ರಶ್ನೆ: ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ರ‍್ಯಾಲಿ ಕಾರುಗಳು ಕಲ್ಲು, ಗುಂಡಿ ಲೆಕ್ಕಿಸದೆ ಹಾರುತ್ತವೆ. ಅಷ್ಟು ಕುಲುಕಿದರೂ ಸಸ್ಪೆನ್ಷನ್ ಬೋಲ್ಟ್‌ಗಳು ಕಳಚಿಕೊಳ್ಳುವುದಿಲ್ಲವೇಕೆ?

ಉತ್ತರ: ಅವುಗಳ ಪಾಡಿಗೆ ಬಿಟ್ಟರೆ ಕಳಚಿಕೊಳ್ಳುತ್ತವೆ! ಬೋಲ್ಟ್ ಬಿಗಿದಾಗ ಅದು ಸ್ಪ್ರಿಂಗ್‌ನಂತೆ ಕೂದಲೆಳೆಯಷ್ಟು ಹಿಗ್ಗುತ್ತದೆ. ಮರಳಿ ಕುಗ್ಗಲು ಹವಣಿಸುವ ಆ ಎಳೆತವೇ ಎರಡು ಭಾಗಗಳನ್ನು ಅದುಮಿ ಹಿಡಿಯುತ್ತದೆ. ಎಳೆತ ಸಾಲದಿದ್ದರೆ ಭಾಗಗಳು ಅಡ್ಡಡ್ಡ ಜಾರುತ್ತವೆ. ಜಾರಿದಂತೆಲ್ಲ ನಟ್ ಚೂರುಚೂರೇ ಹಿಂದಕ್ಕೆ ತಿರುಗುತ್ತದೆ. ಈ ಅಡ್ಡ ಅಲುಗಾಟವೇ ನಿಜವಾದ ಖಳ ಎಂದು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ತೋರಿಸಿದರು.

ಆದ್ದರಿಂದ ಮೊದಲ ಮದ್ದು ಟಾರ್ಕ್ ವ್ರೆಂಚ್. ಕೈಯಂದಾಜು ಬಿಟ್ಟು, ತಯಾರಕರು ಹೇಳಿದ ಅಳತೆಗೇ ಬಿಗಿಯಬೇಕು. ಜೋಡಣೆಯ ಮುಖಗಳಲ್ಲಿ ಮಣ್ಣು, ತುಕ್ಕು, ದಪ್ಪ ಪೇಂಟ್ ಇರಬಾರದು. ಅವು ಸವೆದಂತೆ ಬಿಗಿಯೂ ಇಳಿಯುತ್ತದೆ. ರಬ್ಬರ್ ಬುಷ್ ಇರುವ ಬೋಲ್ಟ್‌ಗಳಿಗೆ ಕೊನೆಯ ಬಿಗಿ ಕೊಡುವುದು ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ಬಳಿಕ. ಇಲ್ಲದಿದ್ದರೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಎರಡನೆಯ ಕಾವಲು ನೈಲಾನ್ ಬಳೆಯ ಲಾಕ್ ನಟ್. ಒಮ್ಮೆ ಬಿಚ್ಚಿದರೆ ಹೊಸದನ್ನೇ ಹಾಕುವುದು ಲೇಸು. ಬ್ರೇಕಿನ ಬಳಿ ನೈಲಾನ್ ಮೆತ್ತಗಾಗುವುದರಿಂದ ಅಲ್ಲಿ ಪೂರ್ತಿ ಲೋಹದ ಲಾಕ್ ನಟ್ ಬೇಕು. ಕೆಲವೆಡೆ ಥ್ರೆಡ್ ಲಾಕರ್ ಅಂಟು ಹಚ್ಚುತ್ತಾರೆ. ಸ್ಪ್ರಿಂಗ್ ವಾಷರ್ ಒಂದನ್ನೇ ನಂಬಿ ಕೂರುವಂತಿಲ್ಲ.

ಕೊನೆಯ ಉಪಾಯ ಅಗ್ಗದ್ದು: ನಟ್‌ನಿಂದ ಪಕ್ಕದ ಲೋಹದವರೆಗೆ ಬಣ್ಣದ ಒಂದು ಗೆರೆ. ಕಾರು ಸರ್ವಿಸ್‌ಗೆ ಬಂದಾಗ ಗೆರೆ ತುಂಡಾಗಿ ಕಂಡರೆ ನಟ್ ತಿರುಗಿದೆ ಎಂದೇ ಅರ್ಥ.