ಐಲೆನ್‌ಬುರ್ಗಿನ ಬೋಧಕನೂ ಅವನ ಊಟದ ಪ್ರಾರ್ಥನೆಯೂ

ಸುಖದಲ್ಲಿರುವಾಗ ದೇವರನ್ನು ಕೊಂಡಾಡುವುದು ಯಾರಿಗೂ ಭಾರವಾದ ಕೆಲಸವಲ್ಲ. ಕಷ್ಟ ಬಂದಾಗ ದೇವರಿಗೆ ಮೊರೆಯಿಡುವುದೂ ಮನುಷ್ಯಸ್ವಭಾವವೇ ಸರಿ. ಆದರೆ ಮನೆಯಲ್ಲಿ ಹಸಿವು, ಬೀದಿಯಲ್ಲಿ ಹೆಣ, ಊರ ಬಾಗಿಲಲ್ಲಿ ಶತ್ರುವಿನ ದಂಡು, ಇವು ಮೂರೂ ಒಂದರ ಬೆನ್ನಿಗೆ ಒಂದು ಬಂದ ಪಟ್ಟಣದಲ್ಲಿದ್ದುಕೊಂಡು ದೇವರು ಮಾಡಿದ ಉಪಕಾರಗಳನ್ನು ಎಣಿಸಿ ಹಾಡುವುದೆಂದರೆ ಅದು ಬೇರೆ ಮಾತು. ಕ್ರೈಸ್ತರ ಮದುವೆಗಳಲ್ಲಿಯೂ ಸುಗ್ಗಿಯ ಹಬ್ಬಗಳಲ್ಲಿಯೂ ಲೋಕದ ಹಲವು ಭಾಷೆಗಳಲ್ಲಿ ಹಾಡಲ್ಪಡುವ ಒಂದು ಜರ್ಮನ್ ಸ್ತುತಿಗೀತವುಂಟು. ಜರ್ಮನರು ಅದನ್ನು ಚಿಕ್ಕದಾಗಿ ‘ನುನ್ ಡಾಂಕೆಟ್’ ಎನ್ನುವರು. ಅದನ್ನು ರಚಿಸಿದವನು ಅಂತಹ ಪಟ್ಟಣದ ಬೋಧಕನಾದ ಮಾರ್ಟಿನ್ ರಿಂಕಾರ್ಟನು. ಗೀತವನ್ನು ಬಲ್ಲವರು ಬಹು ಮಂದಿ. ಅವನನ್ನು ಬಲ್ಲವರು ಕೆಲವರೇ. ಆದಕಾರಣ ಅವನ ವೃತ್ತಾಂತವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವೆವು.

ಜರ್ಮನಿಯ ಸಾಕ್ಸನಿ ದೇಶದಲ್ಲಿ ಲೈಪ್‌ಜಿಗ್ ಮಹಾನಗರಕ್ಕೆ ಈಶಾನ್ಯದಲ್ಲಿ ಮುಲ್ಡೆ ಎಂಬ ನದಿಯ ದಡದ ಮೇಲೆ ಐಲೆನ್‌ಬುರ್ಗ್ ಎಂಬ ಪಟ್ಟಣವಿದೆ. ರಿಂಕಾರ್ಟನು 1586ನೆಯ ಇಸವಿ ಏಪ್ರಿಲ್ 23ರಂದು ಅಲ್ಲಿ ಹುಟ್ಟಿದನು. ತಂದೆಯು ಮರದ ಪೀಪಾಯಿಗಳನ್ನು ಮಾಡಿ ಜೀವಿಸುತ್ತಿದ್ದನು. ಹುಡುಗನ ಕಂಠವು ಚೆನ್ನಾಗಿದ್ದುದರಿಂದ ಲೈಪ್‌ಜಿಗಿನ ಸಂತ ತೋಮನ ಶಾಲೆಯಲ್ಲಿ ಹಾಡುವ ಬಾಲಕರ ಗುಂಪಿಗೆ ಅವನನ್ನು ಸೇರಿಸಿಕೊಂಡರು. ನೂರಿಪ್ಪತ್ತು ವರ್ಷಗಳ ತರುವಾಯ ಸಂಗೀತದಲ್ಲಿ ಜಗದ್ವಿಖ್ಯಾತನಾದ ಬಾಖನು ಉಪಾಧ್ಯಾಯನಾಗಿ ಬಂದದ್ದು ಈ ಶಾಲೆಗೇ. ರಿಂಕಾರ್ಟನು ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಹೋಗಿ ದೈವಶಾಸ್ತ್ರವನ್ನು ಓದಿದನು.

1610ರಲ್ಲಿ ಅವನು ಹುಟ್ಟೂರಿನ ದೇವಾಲಯದಲ್ಲಿ ಉಪಬೋಧಕನ ಕೆಲಸವನ್ನು ಕೇಳಿದನು. ಪುರಸಭೆಯವರು ಒಪ್ಪಿದರು. ಆದರೆ ಸಭೆಗಳ ಮೇಲ್ವಿಚಾರಕನು, ಇವನು ದೈವಶಾಸ್ತ್ರಕ್ಕಿಂತಲೂ ಸಂಗೀತವನ್ನೇ ಹೆಚ್ಚಾಗಿ ಬಲ್ಲವನೆಂದು ಹೇಳಿ ತಡೆದನು. ಊರ ಹುಡುಗನು, ಅದರಲ್ಲಿಯೂ ಸ್ವಂತ ಬುದ್ಧಿಯುಳ್ಳವನು, ತನ್ನ ಕೈಕೆಳಗೆ ಇರುವುದು ಆ ಅಧಿಕಾರಿಗೆ ಇಷ್ಟವಿರಲಿಲ್ಲವೆಂದು ಚರಿತ್ರಕಾರರು ಊಹಿಸುತ್ತಾರೆ. ಇಂತಹ ಕಾರಣಗಳು ಎಲ್ಲ ದೇಶಗಳ ಕಚೇರಿಗಳಲ್ಲಿಯೂ ಒಂದೇ ತೆರನಾಗಿರುವುವು! ರಿಂಕಾರ್ಟನು ಏಳು ವರ್ಷ ಬೇರೆ ಊರುಗಳಲ್ಲಿ ಸೇವೆಮಾಡಿದನು. 1617ರ ಕೊನೆಯಲ್ಲಿ ಐಲೆನ್‌ಬುರ್ಗಿನ ಪುರಸಭೆಯವರೇ ಅವನನ್ನು ಕರೆದು ಬೋಧಕಸ್ಥಾನವನ್ನು ಕೊಟ್ಟರು. ತಾನು ಬಯಸಿದ ಊರನ್ನು ಸೇರಿ ಆರು ತಿಂಗಳಾಗುವುದರೊಳಗೆ, ಅಂದರೆ 1618ರ ಮೇ ತಿಂಗಳಲ್ಲಿ, ಪ್ರಾಗ್ ನಗರದಲ್ಲಿ ಕಲಹವೆದ್ದಿತು. ಮೂವತ್ತು ವರ್ಷಗಳ ಯುದ್ಧವೆಂದು ಹೆಸರಾದ ಘೋರ ಸಮರಕ್ಕೆ ಅದೇ ಮೊದಲು. ಅದು ಮುಗಿದದ್ದು 1648ರಲ್ಲಿ. ರಿಂಕಾರ್ಟನ ಮರಣಕ್ಕೆ ಒಂದು ವರ್ಷ ಮುಂಚೆ. ಅವನು ಆ ಊರಿನಲ್ಲಿ ಮಾಡಿದ ಸೇವೆಯೆಲ್ಲ ಯುದ್ಧಕಾಲದ ಸೇವೆಯೇ ಎಂದರೆ ತಪ್ಪಾಗಲಾರದು.

ಈ ಯುದ್ಧವು ಕಥೋಲಿಕರಿಗೂ ಪ್ರೊಟೆಸ್ಟಂಟರಿಗೂ ನಡುವೆ ಹುಟ್ಟಿದುದೆಂದು ಶಾಲೆಯ ಪುಸ್ತಕಗಳು ಹೇಳುತ್ತವೆ. ಮೊದಲಲ್ಲಿ ಅದು ನಿಜವಾಗಿದ್ದರೂ ಬರಬರುತ್ತ ಅರಸರ ರಾಜ್ಯಲೋಭವೇ ಮುಂದಾಯಿತು. ಸ್ವೀಡನ್ ದೇಶದ ಸೈನ್ಯವು 1630ರಲ್ಲಿ ಪ್ರೊಟೆಸ್ಟಂಟರ ರಕ್ಷಣೆಗೆಂದು ಜರ್ಮನಿಗೆ ಬಂದಿತು. ಸಾಕ್ಸನಿಯ ಅರಸನು ಅದರ ಜೊತೆ ಸೇರಿ, 1635ರಲ್ಲಿ ಚಕ್ರವರ್ತಿಯೊಡನೆ ಸಂಧಿಮಾಡಿಕೊಂಡು ಪಕ್ಷವನ್ನು ಬದಲಿಸಿದನು. ಇದರಿಂದ ನಿನ್ನೆಯ ರಕ್ಷಕರೇ ಇಂದಿನ ಶತ್ರುಗಳಾದರು. ಸ್ವೀಡರೂ ಐಲೆನ್‌ಬುರ್ಗಿನ ಜನರೂ ಲೂಥರನ ಮತವನ್ನೇ ಅನುಸರಿಸಿದವರು. ಎರಡು ಕಡೆಯವರೂ ಒಂದೇ ವೇದವನ್ನೋದಿ ಒಂದೇ ಕೀರ್ತನೆಗಳನ್ನು ಹಾಡುತ್ತಿದ್ದರು. ತಮ್ಮ ಮತದವರೇ ತಮ್ಮ ಹೊಲಗಳನ್ನು ಸುಡುವುದನ್ನು ಕಂಡ ಒಕ್ಕಲಿಗನಿಗೆ ನಂಬಿಕೆಯ ವಿಷಯವಾಗಿ ಯಾವ ಬೋಧಕನು ಏನು ಸಮಾಧಾನ ಹೇಳಬಲ್ಲನು?

ಐಲೆನ್‌ಬುರ್ಗಿಗೆ ಸುತ್ತಲೂ ಕೋಟೆಯ ಗೋಡೆಯಿತ್ತು. ಆದುದರಿಂದ ಹಳ್ಳಿಗಳ ಜನರು ಗಂಟುಮೂಟೆಗಳನ್ನು ಹೊತ್ತುಕೊಂಡು, ದನಗಳನ್ನು ಹೊಡೆದುಕೊಂಡು, ಆ ಪಟ್ಟಣಕ್ಕೆ ಓಡಿಬಂದರು. ಗೋಡೆಯು ಕಳ್ಳಸಿಪಾಯಿಗಳನ್ನು ಕೆಲಕಾಲ ತಡೆಯಿತೇ ಹೊರತು ರೋಗವನ್ನು ತಡೆಯಲಾರದೆ ಹೋಯಿತು. ಇಕ್ಕಟ್ಟಾದ ಮನೆಗಳಲ್ಲಿಯೂ ಓಣಿಗಳಲ್ಲಿಯೂ ಜನರು ತುಂಬಿಕೊಂಡಿರಲು 1637ರಲ್ಲಿ ಮಹಾಮಾರಿಯು ಹಬ್ಬಿತು. ಮೇಲ್ವಿಚಾರಕನು ಹವೆಯ ಬದಲಾವಣೆಗೆಂದು ಊರುಬಿಟ್ಟವನು ಎಷ್ಟು ಬೇಡಿಕೊಂಡರೂ ಹಿಂದಿರುಗಲಿಲ್ಲ. ಬೆಚ್ಚನೆಯ ಮನೆಯಲ್ಲಿ ಕುಳಿತು ಓದುವ ನಾವು ಅವನನ್ನು ನಿಂದಿಸುವುದು ಸುಲಭ. ಅಂತಹ ಸಮಯದಲ್ಲಿ ಪ್ರಾಣದಾಸೆಯು ಯಾರನ್ನೂ ಬಿಟ್ಟುದಲ್ಲ. ಪಟ್ಟಣದ ಬೋಧಕರಿಬ್ಬರು ಸತ್ತರು. ಹಳ್ಳಿಗಳಿಂದ ಓಡಿಬಂದಿದ್ದ ಇನ್ನಿಬ್ಬರು ಬೋಧಕರೂ ಸತ್ತರು. ಆ ನಾಲ್ವರನ್ನೂ ರಿಂಕಾರ್ಟನೇ ಹೂಣಿದನು. ಆಮೇಲೆ ಊರಿನಲ್ಲಿ ಉಳಿದ ಬೋಧಕನು ಅವನೊಬ್ಬನೇ.

ದಿನಕ್ಕೆ ನಾಲ್ವತ್ತು ಐವತ್ತು ಶವಗಳಿಗೆ ಅವನು ಸಮಾಧಿಸಂಸ್ಕಾರವನ್ನು ನಡೆಸಬೇಕಾಯಿತು. ಆ ವರ್ಷದಲ್ಲಿ ಅವನು ಪ್ರಾರ್ಥನೆ ಹೇಳಿ ಹೂಣಿದವರ ಸಂಖ್ಯೆ ಸುಮಾರು 4480 ಎಂದು ಚರಿತ್ರೆಯಲ್ಲಿ ಹೇಳಿದೆ. ವರ್ಷದ ಎಲ್ಲ ದಿನಗಳಿಗೂ ಹಂಚಿದರೆ ಪ್ರತಿದಿನವೂ ಹನ್ನೆರಡು ಮಂದಿಯಾಗುವರು. ಕೊನೆಗೆ ಅದೂ ಸಾಧ್ಯವಾಗದೆ ಪರಸ್ಥಳದವರ ಹೆಣಗಳನ್ನು ಉದ್ದವಾದ ಹಳ್ಳಗಳಲ್ಲಿ ಯಾವ ಸಂಸ್ಕಾರವೂ ಇಲ್ಲದೆ ಮುಚ್ಚಬೇಕಾಯಿತು. ಒಟ್ಟಿಗೆ ಎಂಟು ಸಾವಿರ ಜನರು ಸತ್ತರೆಂದು ಲೆಕ್ಕ. ಅವರಲ್ಲಿ ಮೇ 8ರಂದು ತೀರಿಕೊಂಡ ರಿಂಕಾರ್ಟನ ಹೆಂಡತಿಯೂ ಒಬ್ಬಳು.

ವಾಚಕರು ಇಲ್ಲಿ ಕ್ಷಣಕಾಲ ನಿಂತು ಯೋಚಿಸಬೇಕು. ನಾಲ್ಕು ಸಾವಿರ ಸಲ ಒಬ್ಬನು ಗೋರಿಯ ಬಾಯಲ್ಲಿ ನಿಂತು ಪುನರುತ್ಥಾನದ ನಿರೀಕ್ಷೆಯನ್ನು ಕುರಿತು ಅವೇ ಮಾತುಗಳನ್ನು ಹೇಳುತ್ತಾನೆ. ಎದುರಿಗೆ ನಿಂತವರಲ್ಲಿ ಯಾರು ನಾಳೆ ಬದುಕಿರುವರೆಂಬುದು ಅವನಿಗೂ ತಿಳಿಯದು, ಅವರಿಗೂ ತಿಳಿಯದು. ಹೀಗೆ ಹೇಳುತ್ತ ಹೇಳುತ್ತ ಆ ಮಾತು ಬರಿಯ ಸದ್ದಾಗಿ ಹೋಗುವುದೋ, ಇಲ್ಲವೆ ಕಾಲೂರಿ ನಿಲ್ಲುವುದಕ್ಕೆ ಉಳಿದ ಒಂದೇ ನೆಲವಾಗುವುದೋ? ರಿಂಕಾರ್ಟನು ಊರನ್ನು ಬಿಟ್ಟು ಹೋಗಲಿಲ್ಲವೆಂಬುದೊಂದೇ ಈ ಪ್ರಶ್ನೆಗೆ ನಮಗೆ ದೊರೆಯುವ ಉತ್ತರ.

ಮಹಾಮಾರಿಯು ಇಳಿಯುತ್ತಲೇ ಕ್ಷಾಮವು ತಲೆದೋರಿತು. ಉಳುವವರು ಸತ್ತಿದ್ದರು, ಬಿತ್ತುವ ಕಾಳನ್ನು ದಂಡಿನವರು ತಿಂದಿದ್ದರು. ಬೀದಿಯಲ್ಲಿ ಸತ್ತು ಬಿದ್ದ ಒಂದು ಬೆಕ್ಕಿಗಾಗಿಯೋ ಕಾಗೆಗಾಗಿಯೋ ಮೂವತ್ತು ನಾಲ್ವತ್ತು ಜನರು ಹೊಡೆದಾಡುತ್ತಿದ್ದರಂತೆ. ರಿಂಕಾರ್ಟನೂ ಪುರಾಧ್ಯಕ್ಷನೂ ಮತ್ತೊಬ್ಬ ನಾಗರಿಕನೂ ಕೂಡಿ ಕೈಲಾದಷ್ಟು ಅನ್ನದ ಏರ್ಪಾಡನ್ನು ಮಾಡಿದರು. ಬೋಧಕನು ತನ್ನ ಮಕ್ಕಳ ಪ್ರಾಣ ನಿಲ್ಲುವುದಕ್ಕೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು ಮಿಕ್ಕುದೆಲ್ಲವನ್ನೂ ಹಂಚಿದನು. ಅವನ ಬಾಗಿಲ ಮುಂದೆ ಹಸಿದವರ ಗುಂಪು ಸದಾ ನೆರೆದಿರುತ್ತಿತ್ತು. ತಾಯಿಯಿಲ್ಲದ ಆ ಮನೆಯ ಮಕ್ಕಳು ತುತ್ತನ್ನೆತ್ತುವಾಗ ಹೊರಗಿನ ಆ ಗದ್ದಲವು ಕಿವಿಗೆ ಬೀಳದೆ ಇದ್ದೀತೆ?

ಇಷ್ಟು ಸಾಲದೆಂಬಂತೆ 1639ರ ಫೆಬ್ರವರಿಯಲ್ಲಿ ಸ್ವೀಡರ ದಂಡು ಬಂದು ಊರಿನ ಮೇಲೆ 30,000 ಥಾಲರ್ ಬೆಳ್ಳಿನಾಣ್ಯಗಳ ದಂಡವನ್ನು ಹೇರಿತು. ರಿಂಕಾರ್ಟನು ಊರ ಕೆಲವರನ್ನು ಕರೆದುಕೊಂಡು ಪಾಳೆಯಕ್ಕೆ ಹೋಗಿ ಬೇಡಿದನು. ದಳಪತಿಯು ಕಿವಿಗೊಡಲಿಲ್ಲ. ಆಗ ಅವನು ಜೊತೆಯವರ ಕಡೆಗೆ ತಿರುಗಿ, ಮನುಷ್ಯರಲ್ಲಿ ದಯೆ ಸಿಕ್ಕದಿರುವಾಗ ದೇವರನ್ನೇ ಆಶ್ರಯಿಸೋಣವೆಂದು ಹೇಳಿ ಅಲ್ಲಿಯೇ ಮೊಣಕಾಲೂರಿ ಪ್ರಾರ್ಥಿಸಿದನೆಂದು ಹೇಳುವರು. ಅದನ್ನು ನೋಡಿ ಸೈನ್ಯಾಧಿಕಾರಿಯ ಮನಸ್ಸು ಕರಗಿತು. ಕೊನೆಗೆ 2,000 ಫ್ಲೋರಿನ್ ನಾಣ್ಯಗಳಿಗೆ ಅವನು ಒಪ್ಪಿದನು. ಬರಿದಾದ ಊರಿನಿಂದ ಹೆಚ್ಚು ಹಣ ಹುಟ್ಟದೆಂಬ ಲೆಕ್ಕವೂ ಆ ಕರುಣೆಯಲ್ಲಿ ಸ್ವಲ್ಪ ಬೆರೆತಿದ್ದಿರಬಹುದು. ಹೇಗಿದ್ದರೂ ಊರು ಉಳಿಯಿತು.

ಇಷ್ಟನ್ನು ಮಾಡಿದವನಿಗೆ ಊರಿನವರಿಂದ ಸನ್ಮಾನವಾಯಿತೆಂದು ಹೇಳಲು ನಮಗೂ ಆಸೆ. ಆದರೆ ಹಾಗಾಗಲಿಲ್ಲ. ದಾನಧರ್ಮಗಳಿಂದಲೂ ನಷ್ಟದಿಂದಲೂ ಅವನು ಸಾಲಕ್ಕೆ ಸಿಕ್ಕಿ, ಮಕ್ಕಳಿಗೆ ಅನ್ನಬಟ್ಟೆಗಳನ್ನು ಒದಗಿಸುವುದಕ್ಕಾಗಿ ಮುಂದಿನ ಹಲವು ವರ್ಷಗಳ ಸಂಬಳವನ್ನು ಅಡವಿಡಬೇಕಾಯಿತು. ಜನರಿಂದ ಅವನಿಗೆ ಬಂದ ಪ್ರತಿಫಲವು ಕೃತಘ್ನತೆಯೇ. ನಂಬಿದವನಿಗೆ ಐಶ್ವರ್ಯ ಬರುವುದೆಂದು ಸಾರುವವರು ಈ ಭಾಗವನ್ನು ಹೇಳದೆ ಬಿಡುತ್ತಾರೆ.

ಇನ್ನು ಗೀತದ ಮಾತಿಗೆ ಬರೋಣ. ಮಹಾಮಾರಿಯ ನಡುವೆ ಹೆಣಗಳನ್ನು ಹೂಣಿ ಬಂದ ರಾತ್ರಿ ಅವನು ಅದನ್ನು ಬರೆದನೆಂದು ಕೆಲವರೂ, 1648ರ ಶಾಂತಿಯ ಸುದ್ದಿಯನ್ನು ಕೇಳಿ ಸಂತೋಷದಿಂದ ಬರೆದನೆಂದು ಕೆಲವರೂ ಹೇಳುವ ವಾಡಿಕೆಯಿದೆ. ಎರಡೂ ಕೇಳಲು ಇಂಪಾಗಿವೆ. ಆದರೆ ಬೆರ್ಲಿನಿನ ಯೋಹಾನ್ ಕ್ರ್ಯೂಗರನು ಈ ಗೀತವನ್ನು ಶಾಂತಿಗೆ ಮುಂಚೆಯೇ, 1647ರಲ್ಲಿ, ತನ್ನ ಕೀರ್ತನೆಗಳ ಪುಸ್ತಕದಲ್ಲಿ ಸೇರಿಸಿಬಿಟ್ಟಿದ್ದನು. ರಿಂಕಾರ್ಟನು 1636ರಲ್ಲಿ, ಅಂದರೆ ಮಹಾಮಾರಿಗೆ ಒಂದು ವರ್ಷ ಹಿಂದೆ, ಲೈಪ್‌ಜಿಗಿನಲ್ಲಿ ಅಚ್ಚುಹಾಕಿಸಿದ ಒಂದು ಚಿಕ್ಕ ಭಕ್ತಿಪುಸ್ತಕದಲ್ಲಿಯೇ ಅದು ಇದ್ದಿರಬೇಕೆಂದು ಪಂಡಿತರ ಅಭಿಪ್ರಾಯ. ಆ ಪುಸ್ತಕದ ಮೊದಲನೆಯ ಮುದ್ರಣದ ಪ್ರತಿಯೊಂದೂ ಉಳಿದಿಲ್ಲ. 1663ರ ಮುದ್ರಣವು ಉಳಿದಿದೆ. ಅದರಲ್ಲಿ ಗೀತಕ್ಕೆ ಕೊಟ್ಟಿರುವ ಹೆಸರು ‘ಊಟದ ಚಿಕ್ಕ ಪ್ರಾರ್ಥನೆ’ ಎಂದು.

ನಮ್ಮ ಮನೆಗಳಲ್ಲಿ ಹಿರಿಯರು ಎಲೆಯ ಮುಂದೆ ಕುಳಿತು ಚಿತ್ರಾಹುತಿಯನ್ನಿಟ್ಟು ಅನ್ನಕ್ಕೆ ಕೈಹಚ್ಚುವಂತೆ ಕ್ರೈಸ್ತರ ಮನೆಗಳಲ್ಲಿಯೂ ಊಟದ ಹೊತ್ತಿಗೆ ಅನ್ನದಾತನಾದ ದೇವರನ್ನು ಸ್ತುತಿಸುವ ಪದ್ಧತಿಯುಂಟು. ರಿಂಕಾರ್ಟನ ಗೀತವು ಅಂತಹ ಮನೆಯ ಮಾತು. ಯುದ್ಧದ ಜಯಘೋಷವಾಗಲಿ ದೊಡ್ಡ ಸಭೆಯ ಉತ್ಸವವಾಗಲಿ ಅವನ ಮನಸ್ಸಿನಲ್ಲಿ ಇರಲಿಲ್ಲ. ಸಿರಾಖನ ಪುಸ್ತಕದ 50ನೆಯ ಅಧ್ಯಾಯದಲ್ಲಿರುವ ಸ್ತೋತ್ರವನ್ನು ಆಧಾರವಾಗಿಟ್ಟುಕೊಂಡು ಅವನು ಮೊದಲ ಎರಡು ಪದ್ಯಗಳನ್ನು ಕಟ್ಟಿದನು. ಮೊದಲನೆಯದು, ತಾಯ ತೋಳಲ್ಲಿದ್ದಂದಿನಿಂದ ದೇವರು ಮಾಡಿದ ಉಪಕಾರವನ್ನು ನೆನೆಯುವುದು. ಎರಡನೆಯದು ಬೇಡಿಕೆ: ಮನಸ್ಸಿಗೆ ನೆಮ್ಮದಿಯನ್ನೂ ಶಾಂತಿಯನ್ನೂ ಕೊಡು, ನಿನ್ನ ಕೃಪೆಯಲ್ಲಿ ಕಾಪಾಡು, ಆಪತ್ತಿನಿಂದ ಬಿಡಿಸು ಎಂದು. ಮೂರನೆಯದರಲ್ಲಿ ತಂದೆ, ಮಗ, ಪವಿತ್ರಾತ್ಮರ ಸ್ತುತಿ. ಇಷ್ಟೇ.

ಇದು ನಿಜವಾದರೆ, ನಮ್ಮ ಅಭಿಪ್ರಾಯದಲ್ಲಿ, ಜನರು ಹೇಳುವ ಕಥೆಗಿಂತ ಇದೇ ಹೆಚ್ಚಿನದು. ಭೀಕರವಾದ ರಾತ್ರಿಯಲ್ಲಿ ಆವೇಶದಿಂದ ಒಂದು ಗೀತವನ್ನು ಬರೆಯುವುದು ಕವಿಗಳಿಗೆ ಸಾಧ್ಯ. ದಿನಕ್ಕೆರಡು ಸಲ ಮಕ್ಕಳ ಜೊತೆಯಲ್ಲಿ ಹೇಳಿ ಹೇಳಿ ಬಾಯಿಪಾಠವಾದ ಪ್ರಾರ್ಥನೆಯನ್ನು ತಾಯಿ ಸತ್ತ ಮೇಲೆಯೂ, ಬಟ್ಟಲು ಬರಿದಾದ ಮೇಲೆಯೂ, ಬಿಡದೆ ಹೇಳುವುದು ಕವಿತ್ವದಿಂದ ಆಗುವ ಕೆಲಸವಲ್ಲ. 1637ರ ಆ ದಿನಗಳಲ್ಲಿ ಬೋಧಕನ ಮನೆಯಲ್ಲಿ ಹೊಸ ಮಾತುಗಳನ್ನು ಹುಡುಕುವುದಕ್ಕೆ ಯಾರಿಗೂ ಶಕ್ತಿಯಿದ್ದಿರಲಾರದು. ಕೈಗೆ ಸಿಕ್ಕಿದುದು ಹಳೆಯ ಮಾತೇ. ಅದರಲ್ಲಿ ಕೃತಜ್ಞತೆಯ ಪಕ್ಕದಲ್ಲಿಯೇ ಬಿಡುಗಡೆಯ ಬೇಡಿಕೆಯೂ ಇದ್ದುದರಿಂದ, ಅದು ಸುಭಿಕ್ಷದಲ್ಲಿ ಹೇಗೋ ಹಾಗೆಯೇ ಬರಗಾಲದಲ್ಲಿಯೂ ನಾಲಗೆಗೆ ಸುಳ್ಳಾಗಲಿಲ್ಲ.

ಗೀತದ ರಾಗವು ಕ್ರ್ಯೂಗರನದೆಂದೇ ಪ್ರತೀತಿ. ಈತನ ಬಾಳೂ ಬೇರೆಯಾಗಿರಲಿಲ್ಲ. ಅದೇ ಯುದ್ಧದ ಕಾಲದಲ್ಲಿ ಬೆರ್ಲಿನಿನಲ್ಲಿ ಹಬ್ಬಿದ ಮಹಾಮಾರಿಯಲ್ಲಿ ಅವನು ಹೆಂಡತಿಯನ್ನೂ ಐದು ಮಕ್ಕಳನ್ನೂ ಕಳೆದುಕೊಂಡು ತಾನೂ ಸಾವಿನ ಬಾಯಿಂದ ಪಾರಾದವನು. ಇಂದು ಮದುವೆಯ ಮನೆಯಲ್ಲಿ ಈ ಗಂಭೀರವಾದ ರಾಗವನ್ನು ಕೇಳಿ ಸಂತೋಷಪಡುವವರು, ಮಾತನ್ನು ಕೊಟ್ಟವನೂ ರಾಗವನ್ನು ಕೊಟ್ಟವನೂ ಹೀಗೆ ಒಂದೇ ಬೆಂಕಿಯಿಂದ ಬಂದವರೆಂಬುದನ್ನು ಅಷ್ಟಾಗಿ ಅರಿಯರು.

ಬಾಖನು ಇದನ್ನು ತನ್ನ ಸಂಗೀತದಲ್ಲಿ ಬಳಸಿದನು. 1757ರಲ್ಲಿ ಲಾಯ್ಟೆನ್ ಯುದ್ಧವನ್ನು ಗೆದ್ದ ಪ್ರಷ್ಯದ ಸಿಪಾಯಿಗಳು ಇದನ್ನು ರಣರಂಗದಲ್ಲಿ ಹಾಡಿದರೆಂದು ಪ್ರಸಿದ್ಧಿಯಿದೆ. ಊಟದ ಪ್ರಾರ್ಥನೆಯನ್ನು ರಣಕ್ಕೆ ಎಳೆದದ್ದು ರಿಂಕಾರ್ಟನಿಗೆ ಒಪ್ಪಿಗೆಯಾಗುತ್ತಿತ್ತೋ ಇಲ್ಲವೋ! 1858ರಲ್ಲಿ ಕ್ಯಾಥರೀನ್ ವಿಂಕ್‌ವರ್ತ್ ಎಂಬ ಮಹಿಳೆಯು ಮಾಡಿದ ಇಂಗ್ಲಿಷ್ ಅನುವಾದದಿಂದ ಅದು ಲೋಕಕ್ಕೆಲ್ಲ ಹರಡಿತು. ಕನ್ನಡ ನಾಡಿಗೆ ಇಂತಹ ಜರ್ಮನ್ ಕೀರ್ತನೆಗಳ ಪರಿಚಯವಾದದ್ದು ಬಾಸೆಲ್ ಮಿಶನಿನವರಿಂದ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಅವರು, ರಾಗಗಳನ್ನು ಹಾಗೆಯೇ ಇಟ್ಟುಕೊಂಡು ಮಾತುಗಳನ್ನು ಕನ್ನಡಕ್ಕೆ ತಂದರು. ಮಂಗಳೂರು ಧಾರವಾಡಗಳ ಹಳೆಯ ಸಭೆಗಳಲ್ಲಿ ಆ ರಾಗಗಳು ಇಂದಿಗೂ ಕೇಳಿಬರುತ್ತವೆ.

ನಮ್ಮ ಹತ್ತಿರದ ಕಾಲದ ಒಂದು ಸಂಗತಿಯನ್ನೂ ಹೇಳಬೇಕು. ಎರಡನೆಯ ಮಹಾಯುದ್ಧದಲ್ಲಿ ರಷ್ಯಕ್ಕೆ ಸೆರೆಯಾದ ಜರ್ಮನ್ ಸಿಪಾಯಿಗಳಲ್ಲಿ ಕೊನೆಯವರು 1955ರಲ್ಲಿ, ಯುದ್ಧ ಮುಗಿದು ಹತ್ತು ವರ್ಷಗಳಾದ ಮೇಲೆ, ಫ್ರೀಡ್‌ಲಾಂಡ್ ಎಂಬ ಶಿಬಿರಕ್ಕೆ ಬಂದು ಸೇರಿದರು. ಅಲ್ಲಿ ನೆರೆದಿದ್ದವರು ಆಗ ಹಾಡಿದ್ದು ಈ ಗೀತವನ್ನೇ. ಆ ಜನರ ನಡುವೆ ಗಂಡನನ್ನೋ ಮಗನನ್ನೋ ಹುಡುಕಿ ಬಂದು ಕಾಣದೆ ಹೋದ ಹೆಂಗಸರೂ ನಿಂತಿದ್ದರು.

ರಿಂಕಾರ್ಟನು 1648ರ ಶಾಂತಿಯನ್ನು ಕಣ್ಣಾರೆ ಕಂಡನು. ಆ ವೇಳೆಗೆ ಅವನ ದೇಹವು ಬಹಳವಾಗಿ ಸವೆದುಹೋಗಿತ್ತು. 1649ರ ಡಿಸೆಂಬರ್ 8ರಂದು, ತನ್ನ ಅರುವತ್ತಮೂರನೆಯ ವಯಸ್ಸಿನಲ್ಲಿ, ಅವನು ಐಲೆನ್‌ಬುರ್ಗಿನಲ್ಲಿಯೇ ತೀರಿಕೊಂಡನು.